ರೊಟ್ಟಿಯ ರೊಕ್ಕ ಕೇಳುವುದನ್ನು ನಾನು ಕಲಿತದ್ದು

ನಾನು ಜೋಳದ ರೊಟ್ಟಿ, ಚಟ್ನಿ ಮಾಡಿ ಮಾರುತ್ತೇನೆ. ಕೇಟರಿಂಗ್ ಮಾಡುವವರೊಬ್ಬರು ನನಗೆ 7,200 ರೂಪಾಯಿ ಕೊಡಬೇಕಿತ್ತು. 2022ರ ಫೆಬ್ರುವರಿಯಲ್ಲಿ ಒಂದು ಮದುವೆಗೆ 900 ಕಡಕ್ ರೊಟ್ಟಿ, 6 ಕೆಜಿ ಶೇಂಗಾ ಚಟ್ನಿ ತೆಗೆದುಕೊಂಡಿದ್ದರು. ಸೆಪ್ಟೆಂಬರ್ ಬಂದರೂ ರೊಕ್ಕ ಬರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡು ಅವರ ಮನೆಗೇ ಹೋದೆ.

ಬಾಗಿಲಲ್ಲೇ ಅವರ ಹೆಂಡತಿ ಸಿಕ್ಕರು. "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಪ್ರೀತಿಯಿಂದ ಕರೆದು ಕೂರಿಸಿದರು. ಚಹಾ ಕೊಟ್ಟರು. ಮಗಳ ಓದು, ನಮ್ಮತ್ತೆಯ ಮಂಡಿನೋವು, ಎಲ್ಲ ವಿಚಾರಿಸಿದರು. ಅಷ್ಟರಲ್ಲಿ ಅವರೂ ಬಂದರು. "ಏನ್ ಅಕ್ಕಾರ, ಇಷ್ಟ ದೂರ ಬಂದೀರಿ?" ಅಂದರು. ನನ್ನ ಬಾಯಿಂದ ಬಂದ ಮಾತು, "ಏನಿಲ್ರಿ, ಈ ಕಡೆ ಬಂದಿದ್ದೆ. ಹಂಗ ಮಾತಾಡಿಸಿಕೊಂಡು ಹೋಗೂಣಂತ ಬಂದೆ." ಚಹಾ ಕುಡಿದು, ಕುಂಕುಮ ಹಚ್ಚಿಸಿಕೊಂಡು ವಾಪಸ್ ಬಂದೆ. ದಾರಿಯುದ್ದಕ್ಕೂ ಗಂಟಲು ಕಟ್ಟಿದಂತೆ ಇತ್ತು.

ಅವತ್ತು ಮಧ್ಯಾಹ್ನ ನಡೆದದ್ದು ನನ್ನ ವ್ಯಾಪಾರವನ್ನೇ ಬದಲಿಸಿತು. ನಮ್ಮಲ್ಲಿ ರೊಟ್ಟಿ ಬಡಿಯಲು ಒಬ್ಬ ಅಕ್ಕ ಬರುತ್ತಾರೆ. ಬೆಳಿಗ್ಗೆ ಬಂದು 120 ರೊಟ್ಟಿ ಬಡಿದು, ಬೇಯಿಸಿ ಹೋಗುತ್ತಾರೆ. ಆಗ ರೊಟ್ಟಿಗೆ 2 ರೂಪಾಯಿ ಕೂಲಿ. ಅವತ್ತು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತಾ ಅವರು ಹೇಳಿದರು: "ಅಕ್ಕಾರ, ಈ ವಾರ 720 ರೊಟ್ಟಿ ಆತ್ರಿ. 1,440 ಆಕ್ಕೈತಿ. ಸಂತಿಗೆ ಹೋಗೂದೈತಿ, ಕೊಟ್ಟಬಿಡ್ರಿ."

ಪ್ರತಿ ಶನಿವಾರ ಅವರು ಹೀಗೇ ಕೇಳುತ್ತಿದ್ದರು. ಆದರೆ ಅವತ್ತು ಮಾತ್ರ ಅದು ನನ್ನ ಕಿವಿಗೆ ಸರಿಯಾಗಿ ಬಿತ್ತು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎಷ್ಟು ರೊಟ್ಟಿ, ಎಷ್ಟು ರೊಕ್ಕ, ಯಾವಾಗ ಬೇಕು, ಇಷ್ಟೇ. ಮತ್ತೆ, ಅವರು ಕೇಳಿದ್ದಕ್ಕೆ ನನಗೆ ಒಂಚೂರೂ ಬೇಜಾರಾಗಲಿಲ್ಲ. ದುಡಿದಿದ್ದಾರೆ, ಕೇಳುತ್ತಿದ್ದಾರೆ, ಕೊಡಬೇಕು. ಹಾಗಾದರೆ ನಾನು ಕೇಳಿದರೆ ಆ ಕೇಟರಿಂಗ್‌ನವರಿಗೆ ಯಾಕೆ ಬೇಜಾರಾಗಬೇಕು? ನನ್ನ ಕೈಯಲ್ಲಿ ಅವತ್ತು ರೊಕ್ಕ ಇರಲಿಲ್ಲ. ಮನೆಯ ಕಿರಾಣಿಗೆ ಅಂತ ಡಬ್ಬಿಯಲ್ಲಿ ಇಟ್ಟಿದ್ದರಿಂದ ತೆಗೆದುಕೊಟ್ಟೆ. ಆಗ ಇನ್ನೊಂದು ಹೊಳೆಯಿತು. ಆ 7,200ರಲ್ಲಿ ಈ ಅಕ್ಕನ ಕೂಲಿಯೂ ಇದೆ, ಗಿರಣಿಯವರದ್ದೂ ಇದೆ. ಎಲ್ಲರಿಗೂ ನಾನು ಕೊಟ್ಟಾಗಿದೆ. ನನಗೆ ಮಾತ್ರ ಬಂದಿಲ್ಲ.

ಆ ಅಕ್ಕ ಶಾಲೆಗೆ ಹೋದವರಲ್ಲ. ಆದರೂ ದಿನಾ ಹಳೇ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಲೆಕ್ಕ ಇಡುತ್ತಾರೆ. ನಾನು ಬಿ.ಕಾಂ. ಓದಿದ್ದೇನೆ. ಒಂದು ರೊಟ್ಟಿಗೆ ನನಗೆ ಎಷ್ಟು ಬೀಳುತ್ತದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ರಾತ್ರಿ ಲೆಕ್ಕ ಹಾಕಲು ಕೂತೆ. ಬಿಳಿ ಜೋಳ, ಅದೂ ಮಾಲದಂಡಿ ತಳಿ, ಬೀಸಿದ ಕೂಲಿ ಸೇರಿ ಹಿಟ್ಟು ಕೆಜಿಗೆ 55 ರೂಪಾಯಿ. 1 ಕೆಜಿಗೆ ನಮ್ಮಲ್ಲಿ 16 ರೊಟ್ಟಿ. ಅಂದರೆ ಹಿಟ್ಟಿಗೇ 3 ರೂಪಾಯಿ 45 ಪೈಸೆ. ಗ್ಯಾಸ್ 80 ಪೈಸೆ. ನಾನು 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಳ್ಳುತ್ತೇನೆ. ವ್ಯಾಪಾರಕ್ಕೆ ಮನೆಯ ಸಿಲಿಂಡರ್ ಬಳಸುವಂತಿಲ್ಲ. ಬಡಿಯುವ ಕೂಲಿ 2 ರೂಪಾಯಿ. ಕವರು, ಸ್ಟಿಕ್ಕರ್ 40 ಪೈಸೆ. ಮುರಿದು ಹೋಗುವ ರೊಟ್ಟಿಯ ಪಾಲು 30 ಪೈಸೆ. ಅಂಗಡಿಗೆ ಮುಟ್ಟಿಸುವ ಖರ್ಚು 35 ಪೈಸೆ. ಒಟ್ಟು 7 ರೂಪಾಯಿ 30 ಪೈಸೆ. ನಾನು ಮಾರುತ್ತಿದ್ದದ್ದು 6 ರೂಪಾಯಿಗೆ.

ಎರಡು ಸಲ ಕೂಡಿಸಿ ನೋಡಿದೆ. ತಪ್ಪಿರಲಿಲ್ಲ. ಮೊದಮೊದಲು ಎಲ್ಲ ರೊಟ್ಟಿ ನಾನೇ ಬಡಿಯುತ್ತಿದ್ದೆ. ಹಿಟ್ಟು, ಗ್ಯಾಸ್ ಕಳೆದು ಉಳಿದದ್ದನ್ನೆಲ್ಲ ಲಾಭ ಅಂದುಕೊಂಡಿದ್ದೆ. ಅದು ಲಾಭ ಅಲ್ಲ, ನನ್ನದೇ ಕೂಲಿ, ಅದೂ ಅರ್ಧಮರ್ಧ. ಬೇರೆಯವರಿಗೆ ಕೂಲಿ ಕೊಡಲು ಶುರು ಮಾಡಿದ ಮೇಲೆ ಪ್ರತಿ ರೊಟ್ಟಿಗೂ ಕೈಯಿಂದ ಹಾಕುತ್ತಿದ್ದೆ. ವ್ಯಾಪಾರ ಜಾಸ್ತಿ ಆದಷ್ಟೂ ಕೈ ಖಾಲಿಯಾಗುತ್ತಿದ್ದದ್ದು ಯಾಕೆ ಅಂತ ಅವತ್ತು ಗೊತ್ತಾಯಿತು.

ಧೈರ್ಯ ತುಂಬುವ ಮಾತು ನನಗೆ ತುಂಬಾ ಜನ ಹೇಳಿದ್ದರು. ಅದು ಒಂದು ದಿನ ಇರುತ್ತಿತ್ತು, ಮರುದಿನ ಇರುತ್ತಿರಲಿಲ್ಲ. ಈ 7 ರೂಪಾಯಿ 30 ಪೈಸೆ ಮಾತ್ರ ಹೋಗಲಿಲ್ಲ. ಈಗಲೂ ಯಾರಾದರೂ "ಸ್ವಲ್ಪ ಕಡಿಮಿ ಮಾಡ್ರಿ" ಅಂದರೆ ಮೊದಲು ನೆನಪಿಗೆ ಬರುವುದು ಆ ರಾತ್ರಿ ಬರೆದ ಹಾಳೆ. ಜೋಳದ ದರ ಏರಿದಾಗೆಲ್ಲ ಅದನ್ನು ಹೊಸದಾಗಿ ಬರೆಯುತ್ತೇನೆ.

ಮಂಗಳವಾರ ಮತ್ತೆ ಅದೇ ಮನೆಗೆ ಹೋದೆ. ಈ ಸಲ ಒಂದು ಚೀಟಿ ಬರೆದು ಒಯ್ದಿದ್ದೆ. ತಾರೀಖು, ಎಷ್ಟು ರೊಟ್ಟಿ, ಎಷ್ಟು ಚಟ್ನಿ, ಒಟ್ಟು ಎಷ್ಟು. ಕೂರುವ ಮೊದಲೇ ಹೇಳಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ಕೂತು ಚಹಾ ಕುಡಿದ ಮೇಲೆ ನನ್ನಿಂದ ಆಗುವುದಿಲ್ಲ ಅಂತ ಗೊತ್ತಿತ್ತಲ್ಲ. "ಅಣ್ಣಾರ, ಫೆಬ್ರುವರಿ ಮದುವೀದು 7,200 ಬಾಕಿ ಐತ್ರಿ. ಅದನ್ನ ತಗೊಂಡು ಹೋಗಾಕ ಬಂದೀನಿ" ಅಂದೆ. ಕಾಲು ನಡುಗುತ್ತಿತ್ತು, ದನಿ ನಡುಗಲಿಲ್ಲ.

ಅವರು, "ಅಯ್ಯ, ಮರ್ತ ಹೋಗಿತ್ತಲ್ರಿ! ಮೊದಲ ಹೇಳಬಾರದ?" ಅಂದರು. ಮದುವೆ ಮನೆಯವರಿಂದ ತಮಗೂ ಪೂರ್ತಿ ಬಂದಿಲ್ಲ ಅಂತಲೂ ಹೇಳಿದರು. ಅದು ನಿಜವೇ ಇರಬಹುದು. ಅವತ್ತು 3,000 ಕೊಟ್ಟರು. ಉಳಿದದ್ದು ಯಾವ ದಿನ ಎಂದು ಕೇಳಿ, ಅದೇ ಚೀಟಿಯ ಮೇಲೆ ಬರೆದು, ಅವರ ಸಹಿ ಹಾಕಿಸಿಕೊಂಡೆ. ಎರಡು ಕಂತಿನಲ್ಲಿ ಎಲ್ಲಾ ಬಂತು. ಅವರು ಕೆಟ್ಟವರೇನಲ್ಲ. ಯಾರು ಕೇಳುತ್ತಾರೋ ಅವರಿಗೆ ಮೊದಲು ಕೊಡುತ್ತಿದ್ದರು. ನಾನು ಕೇಳುವವರ ಪಟ್ಟಿಯಲ್ಲೇ ಇರಲಿಲ್ಲ.

ದರ ಏರಿಸುವುದು ಇದಕ್ಕಿಂತ ಕಷ್ಟ ಆಯಿತು. 9 ರೂಪಾಯಿ ಅಂತ ಮನಸ್ಸಿನಲ್ಲಿ ಮಾಡಿದ್ದೆ, ಆದರೆ ಆ ಮಾತು ಬಾಯಿಗೆ ಬರಬೇಕಲ್ಲ. ರೊಟ್ಟಿ ಬೇಯಿಸುವಾಗ ಹಂಚಿನ ಮುಂದೆ ಕೂತು "ಒಂಬತ್ತು ರೂಪಾಯಿ ರೀ" ಅಂತ ಹತ್ತಾರು ಸಲ ಹೇಳಿಕೊಂಡೆ. ಅದರ ಹಿಂದೆ ಮುಂದೆ ಏನೂ ಸೇರಿಸಬಾರದು ಅನ್ನುವುದೇ ಅಭ್ಯಾಸ. ಮೊದಲೆಲ್ಲ ದರ ಹೇಳಿದ ಕೂಡಲೇ ನಾನೇ, "ಜಾಸ್ತಿ ಆತೇನ್ರಿ? ನೀವ ನೋಡಿ ಕೊಡ್ರಿ" ಅನ್ನುತ್ತಿದ್ದೆ. ಅವರು ಚೌಕಾಸಿ ಮಾಡುವ ಮೊದಲೇ ನಾನು ಇಳಿಸಿ ಬಿಡುತ್ತಿದ್ದೆ. ಈಗ ದರ ಹೇಳಿ ಸುಮ್ಮನಿರುತ್ತೇನೆ. ಆ ಒಂದು ನಿಮಿಷ ಬಹಳ ಉದ್ದ ಅನಿಸುತ್ತದೆ. ಅದನ್ನು ತಡೆದುಕೊಂಡರೆ ಎದುರಿನವರೇ ಮಾತಾಡುತ್ತಾರೆ.

ಆಗ 11 ಕಿರಾಣಿ ಅಂಗಡಿಗಳಿಗೆ ಕೊಡುತ್ತಿದ್ದೆ. 3 ಅಂಗಡಿಯವರು ಬೇಡ ಅಂದರು. ಆ ವಾರ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಬ್ಬರು ಎರಡು ತಿಂಗಳ ಮೇಲೆ ವಾಪಸ್ ಬಂದರು, ಇಬ್ಬರು ಬರಲೇ ಇಲ್ಲ. ಆದರೆ ಉಳಿದ 8 ಅಂಗಡಿಯಿಂದ ಮೊದಲ ಸಲ ತಿಂಗಳ ಕೊನೆಗೆ ಕೈಯಲ್ಲಿ ರೊಕ್ಕ ಉಳಿಯಿತು.

ಕೇಳುವ ಮಾತಿನಲ್ಲಿ ನಾನು ಮಾಡುತ್ತಿದ್ದ ದೊಡ್ಡ ತಪ್ಪು ಒಂದಿದೆ. ಬೇರೆ ಅಕ್ಕತಂಗಿಯರೂ ಇದನ್ನೇ ಮಾಡುವುದನ್ನು ನೋಡಿದ್ದೇನೆ. "ಮಗಳ ಫೀ ತುಂಬಬೇಕ್ರಿ, ಸ್ವಲ್ಪ ಕೊಟ್ಟಿದ್ರ ಛಲೋ ಆಗತಿತ್ತು" ಅನ್ನುತ್ತಿದ್ದೆ. ಹಾಗೆ ಕೇಳಿದರೆ ನಮ್ಮದೇ ರೊಕ್ಕವನ್ನು ಸಹಾಯ ಅಂತ ಬೇಡಿದಂತೆ. ಅವರೂ ಸಹಾಯ ಮಾಡಿದವರಂತೆ 500 ಕೊಟ್ಟು ಕಳಿಸುತ್ತಿದ್ದರು. ಮನೆಯ ಕಷ್ಟ ಹೇಳುವುದನ್ನು ಪೂರ್ತಿ ಬಿಟ್ಟೆ. ಈಗ ಬಿಲ್ಲಿನ ನಂಬರು, ತಾರೀಖು, ಮೊತ್ತ, ಅಷ್ಟೇ ಹೇಳುತ್ತೇನೆ. "ಯಾವಾಗ ಕೊಡ್ತೀರಿ?" ಅಂತಲೂ ಕೇಳುವುದಿಲ್ಲ. ಅದಕ್ಕೆ "ಕೊಡೂಣಂತ ತಗೋರಿ" ಅನ್ನುವುದು ಎಲ್ಲರಿಗೂ ಬರುತ್ತದೆ. "ಶುಕ್ರವಾರ 11 ಗಂಟೆಗೆ ಬರ್ತೀನ್ರಿ, ತೆಗೆದಿಟ್ಟಿರ್ರಿ" ಅನ್ನುತ್ತೇನೆ. ಹೇಳಿದ ಮೇಲೆ ಶುಕ್ರವಾರ 11ಕ್ಕೆ ಹೋಗಿಯೇ ಹೋಗುತ್ತೇನೆ. ಒಂದು ಸಲ ತಪ್ಪಿಸಿದರೂ ಮುಂದೆ ನಮ್ಮ ಮಾತಿಗೆ ಬೆಲೆ ಇಲ್ಲ.

ಅಂಗಡಿಗಳಿಗೆ ಈಗ 7 ದಿನದ ಉದ್ರಿ. ಹಿಂದಿನ ವಾರದ್ದು ಬಂದರೆ ಮಾತ್ರ ಈ ವಾರದ ಮಾಲು. ಮದುವೆ, ಸೀಮಂತ, ಗೃಹಪ್ರವೇಶದ ಆರ್ಡರ್‌ಗೆ ಅರ್ಧ ರೊಕ್ಕ ಮುಂಗಡ. ಅದು ಬಂದ ಮೇಲೇ ಜೋಳ ಗಿರಣಿಗೆ ಹೋಗುತ್ತದೆ. ಚೀಲದ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದೇನೆ. ಚಿಲ್ಲರೆ ಇಲ್ಲ, ಎಟಿಎಂಗೆ ಹೋಗಬೇಕು ಅನ್ನುವ ಮಾತು ಅರ್ಧಕ್ಕರ್ಧ ನಿಂತಿತು.

ಬಂಧುಗಳ ವಿಷಯ ಬೇರೆ. ಅಲ್ಲಿ ಲೆಕ್ಕ ಒಂದೇ ಸಾಲದು. ನಮ್ಮ ಚಿಗವ್ವನ ಮಗಳ ಮದುವೆಗೆ 500 ರೊಟ್ಟಿ ಬೇಕಾಗಿತ್ತು. "ಮನೀ ಹುಡುಗಿ ಅದೀ, ನಮಗೂ ರೊಕ್ಕ ಹಚ್ಚತೀಯೇನ?" ಅಂದರು ಚಿಗವ್ವ. ಸಣ್ಣವಳಿದ್ದಾಗ ನನಗೆ ತುತ್ತು ಮಾಡಿ ತಿನ್ನಿಸಿದವರು. ಅವರಿಗೆ ಏನು ಹೇಳಲಿ? ಬಹಳ ಯೋಚನೆ ಮಾಡಿ ಹೇಳಿದೆ: "ಚಿಗವ್ವಾ, 100 ರೊಟ್ಟಿ ನನ್ನ ಆಯೇರಿ. ಅದಕ್ಕ ಒಂದ ರೂಪಾಯಿ ಬ್ಯಾಡ. ಉಳಿದ 400ಕ್ಕ ಕೂಲಿ ಮಂದೀಗೆ ಕೊಡಬೇಕಾಕ್ಕೈತಿ, ಅದರ ಬಿಲ್ ಕೊಡ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತವ್ವಾ" ಅಂದರು. ಮದುವೆಯಲ್ಲಿ ಬಂದವರಿಗೆಲ್ಲ ನನ್ನನ್ನು ತೋರಿಸಿ, "ರೊಟ್ಟಿ ಈಕೀದ, ನೀವೂ ಹೇಳ್ರಿ ಈಕೀಗೆ" ಅಂದವರೂ ಅವರೇ. ಎಲ್ಲ ಬಂಧುಗಳೂ ಹೀಗಿರುವುದಿಲ್ಲ. ಒಬ್ಬರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಆ ನೋವು ಹೋಗಿಲ್ಲ.

ದೊಡ್ಡ ಅಂಗಡಿಗೆ ಮಾಲು ಕೊಡುವವರು ಕಾನೂನು ಸ್ವಲ್ಪ ತಿಳಿದಿರಬೇಕು. ಒಂದು ಸೂಪರ್‌ಮಾರ್ಕೆಟ್ ನನ್ನ ಬಿಲ್ಲುಗಳನ್ನು ಮೂರು ತಿಂಗಳು ಹಿಡಿದಿಟ್ಟಿತ್ತು. "ಅಕೌಂಟ್ಸ್‌ನವರನ್ನ ಕೇಳ್ರಿ" ಅಂತ ಇಲ್ಲಿಂದಲ್ಲಿಗೆ ಓಡಾಡಿಸಿದರು. ಆಗ ನಾನು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲು, ಮಾಡಿಸಿದೆ. ಸರ್ಕಾರದ ಜಾಲತಾಣದಲ್ಲಿ ಆಗುತ್ತದೆ, ಫೀ ಇಲ್ಲ. ಇದಕ್ಕೆ ರೊಕ್ಕ ಕೇಳುವವರ ಹತ್ತಿರ ಹೋಗಬೇಡಿ. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, ನಮ್ಮಂಥ ಸಣ್ಣ ತಯಾರಕರ ಪರವಾಗಿದೆ. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ ಮಾಲು ತೆಗೆದುಕೊಂಡ 15 ದಿನದೊಳಗೆ ರೊಕ್ಕ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಜಾಲತಾಣವೂ ಇದೆ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಇನ್ನೊಂದು ಬದಲಾವಣೆ 2023-24ರ ಲೆಕ್ಕದಿಂದ ಬಂತು. ಸಣ್ಣ ತಯಾರಕರಿಗೆ ಈ ಗಡುವಿನೊಳಗೆ ಕೊಡದೆ ಉಳಿಸಿಕೊಂಡ ರೊಕ್ಕವನ್ನು, ಕೊಂಡವರು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಲು ಬರುವುದಿಲ್ಲ. ಕೊಟ್ಟ ವರ್ಷವೇ ತೋರಿಸಬೇಕು. ನಾನು ಬಿಲ್ಲಿನ ಮೇಲೆ ಉದ್ಯಮ್ ನಂಬರು ಅಚ್ಚು ಹಾಕಿಸಿದೆ. ಕೆಳಗೆ ಕಾಯ್ದೆಯ ಹೆಸರು, ಗಡುವಿನ ದಿನ. ಒಂದೂ ಒರಟು ಮಾತಿಲ್ಲ. ಲೆಕ್ಕದ ವರ್ಷ ಮುಗಿಯುವ 2024ರ ಮಾರ್ಚ್‌ನಲ್ಲಿ ಆ ಸೂಪರ್‌ಮಾರ್ಕೆಟ್ಟಿನ ಅದೇ ಅಕೌಂಟ್ಸ್ ವಿಭಾಗದವರು ತಾವಾಗಿಯೇ ಫೋನ್ ಮಾಡಿ, ಬಾಕಿ ಎಷ್ಟಿದೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಸಿದ್ಧ ಇತ್ತು, ಬಿಲ್ ನಂಬರಿನ ಸಮೇತ.

ಗಿರಾಕಿಗಳೆದುರು ನಿಂತು ಮಾರುವ ಮಾತೂ ಈ ಕೇಳುವ ಅಭ್ಯಾಸದಿಂದಲೇ ಬಂತು. ಧಾರವಾಡದ ಕೃಷಿ ಮೇಳದಲ್ಲಿ ಮೊದಲ ಸಲ ಮಳಿಗೆ ಹಾಕಿದಾಗ ನಾನು ಹಿಂದೆ ಕೂತು, ತಮ್ಮನನ್ನು ಮುಂದೆ ನಿಲ್ಲಿಸಿದ್ದೆ. ಜನ ಕೇಳುತ್ತಿದ್ದದ್ದು, ಇದು ಎಷ್ಟು ದಿನ ಇರುತ್ತದೆ, ಹಿಂಗಾರಿ ಜೋಳವೋ ಮುಂಗಾರಿಯೋ, ಇಷ್ಟು ತೆಳುವಾಗಿ ಹೇಗೆ ಬಡಿಯುತ್ತೀರಿ ಅಂತ. ಅವನಿಗೆ ಏನು ಗೊತ್ತು? ಪ್ರತಿಯೊಂದಕ್ಕೂ ತಿರುಗಿ ನನ್ನ ಮುಖ ನೋಡುತ್ತಿದ್ದ. ಮಧ್ಯಾಹ್ನಕ್ಕೆ ನಾನೇ ಎದ್ದು ಮುಂದೆ ಬಂದೆ. ರೊಟ್ಟಿ ಮುರಿದು, ಗುರೆಳ್ಳು ಚಟ್ನಿ, ಮೊಸರು ಹಚ್ಚಿ ಕೈಗೆ ಕೊಟ್ಟೆ. ಎಸರು ಕುದಿಸಿ ಹಿಟ್ಟು ನಾದುವುದರಿಂದ ಹಿಡಿದು ಎಲ್ಲ ಹೇಳಿದೆ. ತಿಂದವರು "ಎಷ್ಟ್ರಿ?" ಅಂತ ಕೇಳಿದಾಗ "ಒಂಬತ್ತು ರೂಪಾಯಿ" ಅಂದೆ. ಅವತ್ತು ಹಂಚಿನ ಮುಂದೆ ಮಾಡಿದ ಅಭ್ಯಾಸ ನೆನಪಿಗೂ ಬರಲಿಲ್ಲ. ಸಂಜೆ ಒಳಗೆ ತಂದದ್ದೆಲ್ಲ ಖಾಲಿ.

ರೊಟ್ಟಿ ಬಡಿಯುವ ಅಕ್ಕನ ಕೂಲಿ ಈಗ 2 ರೂಪಾಯಿ 50 ಪೈಸೆ. ಅದನ್ನೂ ಅವರೇ ಕೇಳಿ ಏರಿಸಿಕೊಂಡರು. ನಾನು ಹಾಳೆ ತೆಗೆದು, ಅವರೆದುರಿಗೇ ಕೂಡಿಸಿ ನೋಡಿ ಒಪ್ಪಿದೆ.

ಈ ವಾರ ಇಬ್ಬರದು ಬಾಕಿ ಇದೆ, ಒಬ್ಬರದು 1,260, ಇನ್ನೊಬ್ಬರದು 540. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಇಬ್ಬರ ಹತ್ತಿರವೂ ಹೋಗಬೇಕು. ಚೀಟಿ ಬರೆದು ಚೀಲದಲ್ಲಿ ಇಟ್ಟಾಗಿದೆ.