ವಿದುರಾಶ್ವತ್ಥಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವವರಿದ್ದರೆ, ಹಿಂದಿನ ದಿನವೇ ಒಂದು ಪಿರಿಯಡ್ ಇದಕ್ಕಾಗಿ ಎತ್ತಿಡಿ.

ಮೊದಲು ಒಂದೇ ಪ್ರಶ್ನೆ ಕೇಳಿ: 1938ರ ಏಪ್ರಿಲ್ 25ರಂದು ಅಲ್ಲಿ ಜನರ ಮೇಲೆ ಗುಂಡು ಹಾರಿಸಿದವರು ಯಾರು? ಉತ್ತರವನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಯಲಿ. ನನ್ನ ಕ್ಲಾಸಿನಲ್ಲಿ ಹೆಚ್ಚುಕಮ್ಮಿ ಎಲ್ಲರೂ 'ಬ್ರಿಟಿಷರು' ಅಂತಲೇ ಬರೆದಿದ್ದರು. ತಪ್ಪು ಅಂತ ತಕ್ಷಣ ಹೇಳಬೇಡಿ. ನಡೆದದ್ದನ್ನು ಹೇಳುತ್ತಾ ಹೋಗಿ.

ಅದೇ ತಿಂಗಳು ಮದ್ದೂರು ಹತ್ತಿರದ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದ್ದರು. ಎರಡೇ ವಾರದಲ್ಲಿ ವಿದುರಾಶ್ವತ್ಥದಲ್ಲೂ ಬಾವುಟಕ್ಕಾಗಿ ಜನ ಸೇರಿದರು. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಕನ್ನಂಬಾಡಿ ಅಣೆಕಟ್ಟು ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ.

ಇಲ್ಲಿ ಕ್ಲಾಸು ಗಪ್‌ಚಿಪ್ ಆಗುತ್ತದೆ. ಆಗಲಿ, ಅವಸರ ಮಾಡಬೇಡಿ. ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದ್ರೆ ಮಹಾರಾಜರು ಕೆಟ್ಟವರಾ ಮಿಸ್?" ಅಂದಳು. ಅವಳ ಮುಖ ಸಣ್ಣದಾಗಿತ್ತು. ಅವರ ಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲೇ ಒಡೆಯರ ಪಟ ಇದೆ. ಹೌದು, ಅಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ನಾನು ಬೋರ್ಡಿನ ಮಧ್ಯೆ ಗೆರೆ ಎಳೆದೆ. ಒಂದು ಕಡೆ ಅಣೆಕಟ್ಟು, ಶಾಲೆ, ಯೂನಿವರ್ಸಿಟಿ. ಇನ್ನೊಂದು ಕಡೆ ವಿದುರಾಶ್ವತ್ಥ. ಸಂಜೆವರೆಗೂ ಎರಡನ್ನೂ ಅಳಿಸಲಿಲ್ಲ. ನಾಡಿನ ಮೇಲೆ ಪ್ರೀತಿ ಇರುವ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ನೋಡುವ ಶಕ್ತಿ ಇರುತ್ತದೆ, ನಂಬಿ.

ದಿವಾನರು ಮಿರ್ಜಾ ಇಸ್ಮಾಯಿಲ್ ಅಂದಾಗ ಯಾರಾದರೂ ಧರ್ಮದ ಮಾತು ತೆಗೆದರೆ ಅಲ್ಲೇ ತಡೆಯಿರಿ. ಪ್ರಶ್ನೆ ಇರುವುದು ಆಡಳಿತದ ಬಗ್ಗೆ. ಆಮೇಲೆ ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದ್ದು, ಬಾವುಟಕ್ಕೆ ಒಪ್ಪಿಗೆ ಸಿಕ್ಕಿದ್ದು ಬೇಗ ಹೇಳಿ ಮುಗಿಸಬಹುದು.

ಸತ್ತವರ ಲೆಕ್ಕದಲ್ಲಿ ಮಾತ್ರ ನಿಧಾನ ಮಾಡಿ. ಸರ್ಕಾರ ಹೇಳಿದ್ದು 10. ಜನ ಹೇಳುವುದು 30ಕ್ಕೂ ಜಾಸ್ತಿ. ಎರಡನ್ನೂ ಬರೆಸಿ, ಯಾಕೆ ಇಷ್ಟು ವ್ಯತ್ಯಾಸ ಅಂತ ಅವರನ್ನೇ ಕೇಳಿ.

ಅಲ್ಲಿಗೆ ಹೋದಾಗ ಮೊದಲು ಹುತಾತ್ಮರ ಸ್ಮಾರಕ. ದೇವಸ್ಥಾನ, ನಾಗರಕಲ್ಲು, ಊಟ ಎಲ್ಲಾ ಆಮೇಲೆ. ಸ್ಮಾರಕದ ಮುಂದೆ ಭಾಷಣ ಬೇಡ, ಸುಮ್ನೆ ನಿಲ್ಲಲಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಮತ್ತೆ ಕೊನೇ ಪುಟ ತೆಗೆಸಿ. ನಮ್ಮ ಹುಡುಗನೊಬ್ಬ 'ಬ್ರಿಟಿಷರು' ಅನ್ನೋದನ್ನು ಹೊಡೆದುಹಾಕಿ ಕೆಳಗೆ ಬರೆದಿದ್ದ: 'ನಮ್ಮ ಪೊಲೀಸರು. ಅವರಿಗೆ ಆರ್ಡರ್ ಕೊಟ್ಟಿದ್ದು ಯಾರು ಮಿಸ್?'

ಮಾರನೇ ದಿನದ ಪಾಠ ಅಲ್ಲಿಂದಲೇ ಶುರು ಮಾಡಿದೆ.