ಗುಳೆ ಹೋಗಿ ಬಂದ ಮಕ್ಕಳಿಗೆ ಖೋ ಖೋ: ಪಿಟಿ ಮಾಸ್ತರಿಲ್ಲದ ಶಾಲೆಯಲ್ಲಿ ಆಟ ನಡೆಸುವ ಬಗೆ

ನಾನು ಗಣಿತದ ಮಾಸ್ತರು. ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. 130 ಚಿಲ್ಲರೆ ಮಕ್ಕಳು. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕವಾಗಿಯಾದರೂ ಒಬ್ಬರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಆ ಲೆಕ್ಕ ಐವತ್ತು ದಾಟುವುದಿಲ್ಲ. ಹಾಗಾಗಿ ಸೀಟಿ ನನ್ನ ಕೊರಳಿಗೆ ಬಿತ್ತು.

ಈ ಕಡೆಯ ಶಾಲೆಗಳ ಕಷ್ಟ ಗೊತ್ತಿರುವವರಿಗೆ ಗೊತ್ತು. ದೀಪಾವಳಿ ಆಸುಪಾಸು ಹತ್ತಿ ಬಿಡಿಸುವ ಕೆಲಸ ಶುರುವಾದರೆ ಹಾಜರಿ ಪುಸ್ತಕದಲ್ಲಿ ಗೈರಿನ ಗುರುತೇ ಜಾಸ್ತಿ. ಅದು ಮುಗಿಯುವ ಹೊತ್ತಿಗೆ ಕೆಲವು ಮನೆಗಳು ಗುಳೆ ಹೊರಡುತ್ತವೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಮಕ್ಕಳೂ ಜೊತೆಗೇ. ಎರಡು ತಿಂಗಳೋ ಮೂರು ತಿಂಗಳೋ ಬಿಟ್ಟು ಬರುತ್ತಾರೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಏಳನೇ ತರಗತಿಯ ಹುಡುಗನೊಬ್ಬ ಹೀಗೇ ಎರಡು ತಿಂಗಳು ಬಿಟ್ಟು ಬಂದ. ಅಂಗಾಲೆಲ್ಲ ಸಿಮೆಂಟು ತಿಂದು ಬಿರಿದಿತ್ತು. ನಾನು ಭಿನ್ನರಾಶಿ ಕೇಳಿದೆ. ಸುಮ್ನೆ ನಿಂತ. "ಇದನ್ನು ಮುಗಿಸು, ಆಮೇಲೆ ಆಟ" ಅಂದೆ. ಉಳಿದವರೆಲ್ಲ ಹೊರಗೆ ಹೋದರು. ಅವನು ಕಿಟಕಿಯ ಸರಳು ಹಿಡಿದು ಆಟ ನೋಡುತ್ತ ಕೂತ. ಮರುದಿನ ಬರಲಿಲ್ಲ. ಮನೆಗೆ ಹೋದರೆ ಅವರವ್ವ, "ಸಾಲಿ ಒಲ್ಲೆ ಅಂತಾನ್ರಿ ಸರ, ಏನೂ ತಿಳಿಯಂಗಿಲ್ಲಂತ" ಅಂದರು. ಇಪ್ಪತ್ತು ದಿನ ಕಳೆಯಿತು. ಕೊನೆಗೆ ಬಂದದ್ದೂ ನನ್ನ ಮಾತಿಗಲ್ಲ. ಕಬಡ್ಡಿ ಹುಡುಗರು ಅವನ ಮನೆ ಮುಂದೆ ನಿಂತು "ಒಬ್ಬ ಕಮ್ಮಿ ಬೀಳ್ತಾನ, ಬಾರಲೇ" ಅಂತ ಕೂಗಿ ಎಳೆದುಕೊಂಡು ಬಂದರು.

ಎರಡು ತಿಂಗಳು ಬಿಟ್ಟು ಬಂದ ಮಗು ತರಗತಿಯಲ್ಲಿ ಎರಡು ತಿಂಗಳು ಹಿಂದೆ. ಆಟದ ಬಯಲಲ್ಲಿ ಅರ್ಧ ಗಂಟೆ ಮಾತ್ರ ಹಿಂದೆ. ಅದಕ್ಕೇ ನಮ್ಮ ಶಾಲೆಯಲ್ಲಿ ಈಗ ಎರಡು ಕಟ್ಟುನಿಟ್ಟು ಇವೆ. ಗುಳೆಯಿಂದ ಬಂದ ಮಗುವಿಗೆ ಮೊದಲ ದಿನ ಪುಸ್ತಕ ಕೇಳುವುದಿಲ್ಲ, ಆಟಕ್ಕೆ ಸೇರಿಸುತ್ತೇವೆ. ಯಾವ ತಪ್ಪಿಗೂ ಆಟ ಕಿತ್ತುಕೊಳ್ಳುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ.

ಹೊತ್ತು ಗೊತ್ತು ಮಾಡಿ

ವಾರಕ್ಕೊಮ್ಮೆ ಎರಡು ಗಂಟೆ ಆಡಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಆಡಿಸುವುದು ಮೇಲು. ನಾವು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ಲಗೋರಿ, ಕುಂಟೆಬಿಲ್ಲೆ, ಹಗ್ಗದಾಟ ಇಟ್ಟಿದ್ದೇವೆ. ಮೊದಲು ಎಲ್ಲ ಆಟ ಕೊನೆಯ ಪೀರಿಯಡ್‌ಗೆ ಇತ್ತು. ಕೆಲವರು ಊಟದ ಹೊತ್ತಿಗೆ ಬಂದು, ಉಂಡು, ಆಡಿ, ಮನೆಗೆ ಹೋಗುತ್ತಿದ್ದರು. ಜಾಣರು! ಆಟ ಬೆಳಿಗ್ಗೆಗೆ ಬಂದ ಮೇಲೆ ಆ ದಾರಿ ಮುಚ್ಚಿತು.

ಆದರೆ ಬೆಳಿಗ್ಗೆ ಜೋರು ಓಟದ ಆಟ ಬೇಡ. ಎಷ್ಟೋ ಮಕ್ಕಳು ಬರೀ ಹೊಟ್ಟೆಯಲ್ಲಿ ಬಂದಿರುತ್ತಾರೆ. ಅವ್ವ ಆರಕ್ಕೇ ಹೊಲಕ್ಕೆ ಹೋಗಿರುತ್ತಾಳೆ. ಹಾಲೋ ರಾಗಿ ಮಾಲ್ಟೋ ಹೊಟ್ಟೆಗೆ ಬಿದ್ದ ಮೇಲೆಯೇ ಓಟ. ಖೋ ಖೋ, ಕಬಡ್ಡಿಯನ್ನು ವಾರಕ್ಕೆ ಮೂರು ದಿನ ಕೊನೆಯ ಪೀರಿಯಡ್‌ಗೆ ಇಟ್ಟುಕೊಂಡಿದ್ದೇವೆ. ಬಿಸಿಯೂಟ ಆದ ಮೇಲೆ ಒಂದು ಗಂಟೆಯಾದರೂ ಬಿಡಬೇಕು. ಮಾರ್ಚ್ ಬಂತೆಂದರೆ ನಮ್ಮ ಬಿಸಿಲು ಕೇಳಬೇಡಿ. ಆಗ ಮಧ್ಯಾಹ್ನದ ಆಟ ಬಂದ್. ಬೇವಿನ ನೆರಳಲ್ಲಿ ಚೌಕಾಬಾರ, ಹುಲಿಕಟ್ಟು, ಅಳಗುಳಿ ಮಣೆ.

ಯಾವುದಾದರೂ ಮಗು ಸ್ವಲ್ಪ ಓಡಿದರೂ ಏದುಸಿರು ಬಿಡುತ್ತಿದ್ದರೆ ಸೋಮಾರಿ ಅನ್ನಬೇಡಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿ ಇರಬಹುದು. ಆಶಾ ಕಾರ್ಯಕರ್ತೆಗೆ ಹೇಳಿ, ಆರೋಗ್ಯ ತಪಾಸಣೆಗೆ ಬರುವ ಡಾಕ್ಟರಿಗೂ ತೋರಿಸಿ. ನನಗೆ ಇದು ಗೊತ್ತಾದದ್ದೇ ಆಟದಿಂದ. ತರಗತಿಯಲ್ಲಿ ಕೂತ ಮಗು ಏದುಸಿರು ಬಿಡುವುದಿಲ್ಲ ನೋಡಿ.

ಮುಳ್ಳು, ಹಗ್ಗ, ಬೂದಿ

ನಮ್ಮ ಬಯಲು ಎರೆಮಣ್ಣು. ಮಳೆ ಬಂದರೆ ಅಂಟು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಎಸ್‌ಡಿಎಂಸಿಯವರನ್ನು, ಅಂದರೆ ಶಾಲಾಭಿವೃದ್ಧಿ ಸಮಿತಿಯವರನ್ನು ಹಿಡಿದು ಎರಡು ಟ್ರ್ಯಾಕ್ಟರ್ ಗರಸು ಹಾಕಿಸಿದೆವು. ಬರೀ ಗರಸಿಗೆ ಮೊಣಕಾಲು ತರಚುತ್ತದೆ, ಅದಕ್ಕೆ ಮೇಲೊಂದು ಪದರ ಕೆಂಪು ಮಣ್ಣು. ಉದ್ಯೋಗ ಖಾತ್ರಿಯಲ್ಲಿ ಮೈದಾನ ಮಾಡಿಸಿಕೊಂಡ ಶಾಲೆಗಳೂ ಇವೆ. ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಬೇಕಾದರೆ ಗ್ರಾಮಸಭೆಗೆ ನೀವೇ ಹೋಗಿ ಬರೆಸಬೇಕು. ಯಾರೂ ಮನೆಗೆ ಬಂದು ಕೇಳುವುದಿಲ್ಲ.

ಅದಕ್ಕಿಂತ ದೊಡ್ಡ ಶತ್ರು ಜಾಲಿ ಮುಳ್ಳು. ಅರ್ಧಕ್ಕರ್ಧ ಮಕ್ಕಳು ಬರಿಗಾಲು. ಪ್ರತಿ ಸೋಮವಾರ ಎಲ್ಲರೂ ಒಂದು ಮಾರು ದೂರಕ್ಕೊಬ್ಬರಂತೆ ಸಾಲು ನಿಂತು, ಬಗ್ಗಿ, ಮುಳ್ಳು ಆರಿಸುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತೇವೆ. ಮಾಸ್ತರರೂ ಸಾಲಿನಲ್ಲೇ. ಜಾಸ್ತಿ ಮುಳ್ಳು ಆರಿಸಿದವರಿಗೆ ಅವತ್ತಿನ ಸೀಟಿ. ಅದಕ್ಕೆ ನಡೆಯುವ ಪೈಪೋಟಿ ನೋಡಬೇಕು.

ಗೆರೆಗೆ ಸುಣ್ಣದ ಪುಡಿ ಹಾಕಬೇಡಿ. ನಾನು ಹಾಕಿದ್ದೆ. ಬೆವರಿದ ಕಾಲು ಉರಿ ಉರಿ ಅಂತ ನಾಲ್ಕು ಮಕ್ಕಳು ನಳದ ಹತ್ತಿರ ಓಡಿದರು. ಕಣ್ಣಿಗೆ ಬಿದ್ದಿದ್ದರೆ ಗತಿಯೇನು? ಈಗ ಚಹಾದಂಗಡಿಯ ಒಲೆಯ ಬೂದಿ ಜರಡಿ ಹಿಡಿದು ಹಾಕುತ್ತೇವೆ.

ಖೋ ಖೋ ಅಂಗಳ ಸರಿಯಾಗಿ ಹಾಕಬೇಕೆಂದರೆ 27 ಮೀಟರ್ ಉದ್ದ, 16 ಮೀಟರ್ ಅಗಲ. ನಮ್ಮ ಜಾಗಕ್ಕೆ 20ಕ್ಕೆ 12 ಮಾಡಿಕೊಂಡಿದ್ದೇವೆ, ಏನೂ ಮುಳುಗಿಲ್ಲ. ಮೂಲೆ ನೇರ ಬರುವುದೇ ಕಷ್ಟ. ಅದಕ್ಕೆ 12 ಮೀಟರ್ ಹಗ್ಗದ ಎರಡು ತುದಿ ಗಂಟು ಹಾಕಿ ಒಂದು ಸುತ್ತು ಮಾಡಿ. ಆ ಗಂಟಿನಿಂದ 3 ಮೀಟರಿಗೆ ಒಂದು ಗುರುತು, ಅಲ್ಲಿಂದ 4 ಮೀಟರಿಗೆ ಇನ್ನೊಂದು. ಉಳಿದದ್ದು 5. ಮೂರು ಮಕ್ಕಳು ಗಂಟು ಮತ್ತು ಎರಡು ಗುರುತು ಹಿಡಿದು ಬಿಗಿಯಾಗಿ ಎಳೆದರೆ, ಮೂರು ಮತ್ತು ನಾಲ್ಕರ ಬದಿ ಕೂಡುವ ಕಡೆ ನಿಮ್ಮ ಮೂಲೆ. ಪೈಥಾಗೊರಸ್ ಹೆಸರೇ ಕೇಳದ ಐದನೇ ತರಗತಿಯವರು ನಮ್ಮಲ್ಲಿ ಇದನ್ನು ಕಣ್ಣು ಮುಚ್ಚಿ ಮಾಡುತ್ತಾರೆ. ಗಣಿತದ ಮಾಸ್ತರಿಗೆ ಇನ್ನೇನು ಬೇಕು.

ಎರಡು ಕಂಬ ಬೇಕು, ನೆಲದಿಂದ 120 ಸೆಂಟಿಮೀಟರ್ ಮೇಲೆ. ಕಟ್ಟಿಗೆ ನುಣ್ಣಗೆ ಉಜ್ಜಿಸಿ, ಎರಡಡಿ ಆಳಕ್ಕೆ ಹೂಳಿ. ಮಕ್ಕಳು ಅದನ್ನೇ ಹಿಡಿದು ಗಿರಕ್ಕನೆ ತಿರುಗುವುದು. ಒಂದು ಮೊಳೆ ಇದ್ದರೂ ಅಂಗೈ ಸೀಳುತ್ತದೆ.

ತಂಡ ಮಾಡುವಾಗ

ಆಟ ಕೆಡುವುದು ಇಲ್ಲೇ. ಇಬ್ಬರು ನಾಯಕರನ್ನು ನಿಲ್ಲಿಸಿ "ಬೇಕಾದವರನ್ನು ಕರೆದುಕೊಳ್ಳಿ" ಅಂದರೆ ಯಾರು ಕೊನೆಗೆ ಉಳಿಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ದಿನಾ ಅದೇ ಮಗು. ಅದರ ಬದಲು ನಮ್ಮ ಹಳೆಯ ಪದ್ಧತಿಯೇ ಚೆನ್ನ. ಸರಿಸಾಟಿಯಾದ ಇಬ್ಬರು ಜೋಡಿಯಾಗಿ ಪಕ್ಕಕ್ಕೆ ಹೋಗಿ, ಗುಟ್ಟಾಗಿ ಒಬ್ಬ ಸೂರ್ಯ, ಇನ್ನೊಬ್ಬ ಚಂದ್ರ ಅಂತ ಹೆಸರಿಟ್ಟುಕೊಂಡು ಬಂದು "ಸೂರ್ಯ ಬೇಕೋ, ಚಂದ್ರ ಬೇಕೋ" ಅಂತ ಕೇಳುವುದು. ತಂಡವೂ ಸಮ ಆಗುತ್ತದೆ, ಬೇಡವಾದವರು ಅಂತ ಯಾರೂ ಉಳಿಯುವುದಿಲ್ಲ.

ಮೊದಲ ವರ್ಷ ಖೋ ಖೋ ಆಡಿಸುವಾಗ ಎಂಟು ಚೌಕದಲ್ಲಿ ಮಕ್ಕಳು ತಾವಾಗಿಯೇ ಕೂತರು. ಆಟ ಎಲ್ಲೋ ಒಂದು ಕಡೆ ತಡವರಿಸುತ್ತಿತ್ತು. ಮೂರನೇ ದಿನ ಗಮನಿಸಿದೆ. ಕೇರಿ ಪ್ರಕಾರ ಕೂತಿದ್ದರು. ಬೆನ್ನು ಮುಟ್ಟಿ "ಖೋ" ಅನ್ನಬೇಕಾದ ಆಟ ಅದು. ಇಬ್ಬರು ಮುಟ್ಟದೆ ದೂರದಿಂದಲೇ ಕೂಗುತ್ತಿದ್ದರು. ನಾನು ಭಾಷಣ ಮಾಡಲಿಲ್ಲ. ಮರುದಿನದಿಂದ ಚೀಟಿ. ಒಂದರಿಂದ ಎಂಟು ಬರೆದು ಟೋಪಿಯಲ್ಲಿ ಹಾಕಿದೆ, ಬಂದ ನಂಬರಿನ ಚೌಕ ಅವರದು. ಮುಟ್ಟದಿದ್ದರೆ ಖೋ ಇಲ್ಲ, ಫೌಲು. ನಿಯಮ ನನ್ನದಲ್ಲ, ಆಟದ್ದು. ಒಬ್ಬ ತಂದೆ ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ನಿಂತು ಆಟ ನೋಡಿದರು. ಏನೂ ಅನ್ನದೆ ಹೋದರು. ಮಗನನ್ನು ಮಾತ್ರ ಬಿಡಿಸಲಿಲ್ಲ. ನೀರಿನ ಕೊಡ, ಲೋಟದ ವಿಷಯದಲ್ಲೂ ಕಣ್ಣಿಡಿ, ಅಲ್ಲೂ ಇದೇ ನಡೆದಿರುತ್ತದೆ.

ಇನ್ನೊಂದು, ಔಟಾದವರು ಆಟ ಮುಗಿಯುವ ತನಕ ಸುಮ್ನೆ ಕೂರುವ ಆಟ ಆದಷ್ಟು ಬಿಡಿ. ಮೊದಲು ಔಟಾಗುವುದು ಯಾವಾಗಲೂ ಆಟ ಬಾರದ ಮಗು. ಬೇಕಿದ್ದ ಮಗುವಿಗೇ ಆಟ ಕಡಿಮೆ ಸಿಕ್ಕಂತಾಯಿತು ಅಲ್ವಾ? ಕೆರೆ-ದಡದಲ್ಲೂ ನಾವು ಔಟ್ ತೆಗೆದುಹಾಕಿದ್ದೇವೆ. ತಪ್ಪಿದರೆ ಸಾಲಿನ ತುದಿಗೆ ಹೋಗಿ ಮತ್ತೆ ನಿಲ್ಲುವುದು. ಕಾಲು ಸರಿಯಿಲ್ಲದ ಹುಡುಗನೊಬ್ಬನಿದ್ದಾನೆ. ಮೊದಲು ಅವನ ಕೈಗೆ ಅಂಕದ ಪುಸ್ತಕ ಕೊಟ್ಟು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. "ನಾನೂ ಒಗೀತೀನ್ರಿ ಸರ" ಅಂದ. ಲಗೋರಿಯಲ್ಲಿ ಈಗ ಎರಡೂ ತಂಡಕ್ಕೆ ಚೆಂಡು ಒಗೆಯುವವನು ಅವನೇ. ಅವನ ಗುರಿ ತಪ್ಪುವುದು ಕಡಿಮೆ.

ಹುಡುಗಿಯರು

ಆರನೇ ತರಗತಿ ದಾಟಿದರೆ ಹುಡುಗಿಯರು ಬಯಲಿನ ಅಂಚಿಗೆ ಸರಿಯುತ್ತಾರೆ. ಹುಡುಗರು ನಡುವೆ, ಇವರು ಗೋಡೆ ಪಕ್ಕ. "ನೀವೂ ಆಡ್ರಮ್ಮ" ಅಂದರೆ ಸಾಲದು. ಬಯಲನ್ನು ದಿನ ಹಂಚಿ ಕೊಡಿ. ನಮ್ಮಲ್ಲಿ ಮಂಗಳವಾರ ಮತ್ತು ಶುಕ್ರವಾರ ನಡುವಿನ ಅಂಗಳ ಹುಡುಗಿಯರದು, ಹುಡುಗರು ಗೋಡೆ ಪಕ್ಕ. ಮೊದಲ ವಾರ ಹುಡುಗರ ಮುಖ ನೋಡುವಂತಿರಲಿಲ್ಲ. ಲಂಗದ ಒಳಗೆ ಚಡ್ಡಿ, ವೇಲ್ ಇದ್ದರೆ ಸೊಂಟಕ್ಕೆ ಬಿಗಿಯಾಗಿ ಕಟ್ಟುವುದು, ಮುಟ್ಟಿನ ದಿನ ಆಡುವುದು ಬಿಡುವುದು ಅವರಿಷ್ಟ. ಈ ಮಾತೆಲ್ಲ ನಮ್ಮ ಟೀಚರ್ ಆಡುತ್ತಾರೆ, ನಾನಲ್ಲ.

ಒಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತೇ ಶಾಲೆಗೆ ಬರುತ್ತಿದ್ದಳು. ಒಂದೂವರೆ ವರ್ಷದ ಕೂಸು. ಅದನ್ನು ಇಳಿಸಿದರೆ ಅಳು. ಹಾಗಾಗಿ ಅವಳಿಗೆ ಆಟವೇ ಇಲ್ಲ. ನಾವು ಬೇವಿನ ಮರದ ಕೆಳಗೆ ಹಳೆಯ ಚಾಪೆ ಹಾಸಿ, ಅವತ್ತು ಆಡದ ಇಬ್ಬರಿಗೆ ಕೂಸು ಕಾಯುವ ಪಾಳಿ ಹಚ್ಚಿದೆವು. ಪಾಳಿಗೆ ಹುಡುಗರೂ ಸೇರಿದ್ದಾರೆ. ಅವಳು ಓಡಿದ್ದು ನೋಡಿದ ಮೇಲೆ ಗೊತ್ತಾಯಿತು, ಇಡೀ ಶಾಲೆಯಲ್ಲಿ ಅವಳನ್ನು ಮುಟ್ಟುವವರಿಲ್ಲ ಅಂತ. ಕೂಸು ಹೊತ್ತು ಹೊತ್ತು ಗಟ್ಟಿಯಾದ ಕಾಲು.

ಮನೆಯವರು ಮಾತ್ರ "ಹೆಣ್ಣುಡುಗಿ ಓಡಿದ್ರ ಮಂದಿ ಏನಂತಾರ್ರಿ" ಅಂದರು. ವಾದ ಮಾಡಲಿಲ್ಲ, ಅವ್ವನನ್ನೇ ಒಂದು ಸಂಜೆ ಆಟ ನೋಡಲು ಕರೆದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಅದನ್ನು ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಅವ್ವ ಫೋಟೋವನ್ನು ಅಷ್ಟಾಗಿ ನೋಡಲಿಲ್ಲ. ಮಗಳನ್ನು ನೋಡುತ್ತಿದ್ದರು.

ಆದರೆ ಎಲ್ಲ ಮಗುವನ್ನೂ ವಿಶ್ವಕಪ್ಪಿಗೆ ಕಳಿಸುತ್ತೇನೆ ಅಂತ ಹೊರಡಬೇಡಿ. ತಾಲ್ಲೂಕು ಪಂದ್ಯ ಹತ್ತಿರ ಬಂದಾಗ ಹನ್ನೆರಡು ಮಕ್ಕಳನ್ನು ಮಾತ್ರ ಹಿಡಿದು ಉಜ್ಜಿ, ಉಳಿದ ನೂರಿಪ್ಪತ್ತು ಮಕ್ಕಳನ್ನು ಚಪ್ಪಾಳೆಗೆ ಕೂರಿಸುವುದು ಸುಲಭ. ನನಗೂ ಆ ಆಸೆ ಬಂದಿತ್ತು. ಶುರು ಮಾಡಿ ನಡುವೆ ಕೈಬಿಡುವುದು ಅದಕ್ಕಿಂತ ಕೆಟ್ಟದ್ದು. ಉತ್ತರ ಕನ್ನಡದ ಸಿದ್ದಿ ಬುಡಕಟ್ಟಿನ ಮಕ್ಕಳನ್ನು 1980ರ ದಶಕದಲ್ಲಿ ಸರ್ಕಾರವೇ ಹುಡುಕಿ ತಂದು ಓಟ, ಜಿಗಿತ ಕಲಿಸಿತು. ಒಳ್ಳೊಳ್ಳೆಯ ಓಟಗಾರರು ಬಂದರು. 1990ರ ದಶಕದಲ್ಲಿ ಯೋಜನೆ ನಿಂತೇ ಹೋಯಿತು. ನೀವು ವರ್ಷಪೂರ್ತಿ ನಡೆಸುವಷ್ಟನ್ನೇ ಶುರು ಮಾಡಿ, ಇಪ್ಪತ್ತು ನಿಮಿಷವೇ ಆಗಲಿ.

ದುಡ್ಡು, ಚೆಂಡು

ಸಮಗ್ರ ಶಿಕ್ಷಣದಲ್ಲಿ ಆಟದ ಸಾಮಾನಿಗೆ ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿ ಅಂತ ಇದೆ. ಅದರಲ್ಲಿ ಕೇರಂ ಬೋರ್ಡು ತಂದು ಬೀರುವಿನ ಮೇಲಿಡಬೇಡಿ. ನೂರು ಮಕ್ಕಳಿಗೆ ನಾಲ್ಕೇ ಜನ ಆಡುವ ಸಾಮಾನು ಯಾಕೆ? ಹಗ್ಗ ತನ್ನಿ, ರಿಂಗ್ ತನ್ನಿ, ಎರಡು ವಾಲಿಬಾಲ್ ಸಾಕು. ಬೀರುವಿನ ಕೀಲಿ ಮಕ್ಕಳ ಕೈಗೆ ಕೊಡಿ, ಕೊಟ್ಟದ್ದು ತಂದದ್ದು ಅವರೇ ಪುಸ್ತಕದಲ್ಲಿ ಬರೆಯಲಿ. ನಮ್ಮಲ್ಲಿ ಆ ಪುಸ್ತಕ ಬರೆಯುವವನು ಹಿಂದಿನ ವರ್ಷ "ಚೆಂಡು" ಅಂತ ಬರೆಯಲು ಬಾರದವನು. ಕವರು ಹರಿಯದ ಹೊಸ ಚೆಂಡು ಕಪಾಟಿನಲ್ಲಿ ಇರುವ ಶಾಲೆ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಲಗೋರಿಗೆ ಚೆಂಡು ಕೊಳ್ಳಲೇಬೇಡಿ. ಹಳೆ ಸೀರೆಯ ಚಿಂದಿಯನ್ನು ಮೊಸಂಬಿ ಗಾತ್ರಕ್ಕೆ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಸೈಕಲ್ ಅಂಗಡಿಯಲ್ಲಿ ಹರಿದ ಟ್ಯೂಬ್ ಸುಮ್ನೆ ಕೊಡುತ್ತಾರೆ. ಅದನ್ನು ಅರ್ಧ ಬೆರಳಗಲ ಬಳೆಯಂತೆ ಕತ್ತರಿಸಿ, ಒಂದೊಂದನ್ನೇ ಎಳೆದು ಅಡ್ಡ ಉದ್ದ ಹಾಕುತ್ತ ಹೋಗಿ. ಬಟ್ಟೆ ಕಾಣದಷ್ಟಾದರೆ ಚೆಂಡು ಪುಟಿಯುತ್ತದೆ. ಬೆನ್ನಿಗೆ ಬಿದ್ದರೂ ಅಷ್ಟು ನೋವಾಗುವುದಿಲ್ಲ. ಪೇರಿಸುವ ಕಲ್ಲಿಗೆ ಪರ್ಸಿಯ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಏಳು ಚೂರು ಸಾಕು, ಅಂಚನ್ನು ಒರಟು ಬಂಡೆಗೆ ತಿಕ್ಕಿ ಮೊಂಡು ಮಾಡಿ.

ವಾಲಿಬಾಲಿಗೆ ಪಂಪು ಬೇಕೇ ಬೇಕು. ಜಾಲಿ ಮುಳ್ಳಿನ ಊರಲ್ಲಿ ಚೆಂಡಿಗಿಂತ ಪಂಪಿಗೆ ಕೆಲಸ ಜಾಸ್ತಿ. ಗಾಳಿ ಹಾಕುವ ಮುಂಚೆ ಸೂಜಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ. ಸೂಜಿ ಮಾತ್ರ ಎರಡು ತನ್ನಿ, ಒಂದು ಕಳೆದೇ ಹೋಗುತ್ತದೆ.