ಯುಕೆಲಿ ಒಪೆರಾ ಹೌಸಿಗೆ ದೇಣಿಗೆ ಕೊಡ್ತಿದೀರಾ? ಗಿಫ್ಟ್ ಏಡ್ ಟಿಕ್ ಯಾರ ಹೆಸರಲ್ಲಿದೆ ನೋಡ್ಕೊಳಿ

ಈಚೆಗೆ ಇಲ್ಲಿಗೆ ಹೊಸದಾಗಿ ಬಂದ ಎರಡು ಮನೆಯವರು ಟ್ಯಾಕ್ಸ್ ಕಟ್ಟದವರ ಹೆಸರಲ್ಲಿ ಟಿಕ್ ಹಾಕೋ ತಪ್ಪು ಮಾಡಿದ್ರು, ನಾವೂ ಮಾಡಿದ್ದು ಇದನ್ನೇ, ಅದಕ್ಕೆ ಬರೀತಿದೀನಿ. ಟಿಕೆಟ್ ಬುಕ್ ಮಾಡೋದೆಲ್ಲ ನಿಮಗೆ ಗೊತ್ತೇ ಇದೆ. ದುಡ್ಡು ಕಟ್ಟೋಕೆ ಮುಂಚೆ "ದೇಣಿಗೆ ಸೇರಿಸ್ತೀರಾ" ಅಂತ ಕೇಳತ್ತಲ್ಲ, ಅದರ ಕೆಳಗೆ ಗಿಫ್ಟ್ ಏಡ್ ಅಂತ ಬಾಕ್ಸ್ ಇರತ್ತೆ, ಎಡವೋದು ಅಲ್ಲೇ.

ನೀವು 100 ಪೌಂಡ್ ಕೊಟ್ಟು ಟಿಕ್ ಹಾಕಿದ್ರೆ ಥಿಯೇಟರಿನವರು ಎಚ್‌ಎಂಆರ್‌ಸಿ (ಇಲ್ಲಿನ ಟ್ಯಾಕ್ಸ್ ಇಲಾಖೆ) ಹತ್ರ ಇನ್ನೂ 25 ಪೌಂಡ್ ತಗೋತಾರೆ. ಅದು ನೀವು ಆ ವರ್ಷ ಕಟ್ಟಿರೋ ಟ್ಯಾಕ್ಸಿನ ಲೆಕ್ಕದಲ್ಲಿ ಹೋಗೋ ದುಡ್ಡು. ಅಷ್ಟು ಟ್ಯಾಕ್ಸ್ ನೀವು ಕಟ್ಟಿಲ್ಲ ಅಂದ್ರೆ ಕಮ್ಮಿ ಬಿದ್ದಿದ್ದನ್ನ ತುಂಬಬೇಕಾದವರು ನೀವು, ಥಿಯೇಟರ್ ಅಲ್ಲ.

ನಮ್ಮನೇಲಿ ಏನಾಯ್ತು ಅಂದ್ರೆ, ಸಂಗೀತದ ಹುಚ್ಚು ಇರೋದು ನನ್ನ ಹೆಂಡ್ತಿಗೆ, ಹಾಗಾಗಿ ಬುಕಿಂಗ್ ಅಕೌಂಟ್ ಅವಳ ಹೆಸರಲ್ಲಿತ್ತು, ಬಂದ ಮೊದಲನೇ ವರ್ಷ ಅವಳಿಗೆ ಕೆಲಸ ಇರ್ಲಿಲ್ಲ, ಟ್ಯಾಕ್ಸ್ ಸೊನ್ನೆ. ಒಂದು ಥಿಯೇಟರಲ್ಲಿ ಹಳೇ ಸೀಟು ತೆಗೆದು ವೀಲ್‌ಚೇರಿಗೆ ಜಾಗ ಮಾಡೋಕೆ ದುಡ್ಡು ಕೂಡಿಸ್ತಿದ್ರು, ಜಾಯಿಂಟ್ ಅಕೌಂಟಿಂದ 400 ಪೌಂಡ್ ಕೊಟ್ವಿ, ಅವಳೇ ಟಿಕ್ ಹಾಕಿದ್ಲು. ಥಿಯೇಟರಿಗೆ 100 ಪೌಂಡ್ ಸಿಕ್ತು, ಆ ನೂರು ಅವಳ ತಲೆ ಮೇಲೆ ಬಂತು. ಇನ್ನೊಂದು ಕಡೆ ನನ್ನ ಸಂಬಳ 50,270 ಪೌಂಡ್ ದಾಟಿ ಅದರ ಮೇಲಿನದಕ್ಕೆ 40% ಟ್ಯಾಕ್ಸ್ ಬೀಳ್ತಿತ್ತು. ಅದೇ ದೇಣಿಗೆ ನನ್ನ ಹೆಸರಲ್ಲಿ ಇದ್ದಿದ್ರೆ 500 ಪೌಂಡ್ ಅಂತ ಲೆಕ್ಕ ಹಿಡಿದು ಅದರ 20%, ಅಂದ್ರೆ 100 ಪೌಂಡ್ ನನಗೆ ವಾಪಸ್ ಬರ್ತಿತ್ತು. ಎರಡೂ ಸೇರಿ 200 ಪೌಂಡ್ ಹೋಯ್ತು, ಒಂದೇ ಒಂದು ಟಿಕ್ಕಿಗೆ. ಅಷ್ಟೇ ಅಲ್ಲ, ಆ ಟಿಕ್ ಹಾಕಿ ಕೊಡೋ ಡಿಕ್ಲರೇಶನ್‌ಗಳು ಸಾಮಾನ್ಯವಾಗಿ ಹಿಂದಿನ 4 ವರ್ಷಕ್ಕೂ ಮುಂದೆ ಕೊಡೋದಕ್ಕೂ ಸೇರಿಸಿ ಇರತ್ತೆ, ನೀವಾಗೇ ಹೇಳಿ ಕ್ಯಾನ್ಸಲ್ ಮಾಡಿಸೋವರೆಗೂ ನಡೀತಾನೇ ಇರತ್ತೆ. ಕೆಲಸ ಬಿಟ್ರೆ, ಲಾಂಗ್ ಲೀವ್ ಹಾಕಿದ್ರೆ ದಯವಿಟ್ಟು ಮರೀದೆ ಥಿಯೇಟರಿಗೆ ತಿಳಿಸಿ.

ಇಂಡಿಯಾದಲ್ಲಿ ದೇಣಿಗೆಗೆ ಇರೋ ನಮ್ಮ 80ಜಿ ರಿಯಾಯಿತಿಲಿ ಟ್ಯಾಕ್ಸ್ ಲಾಭ ಕೊಟ್ಟವರಿಗೆ, ಸಂಸ್ಥೆಗೆ ನಾವು ಕೊಟ್ಟಷ್ಟೇ. ನನಗೆ ಇಲ್ಲಿಯದೇ ಹೆಚ್ಚು ಇಷ್ಟ, ಯಾಕಂದ್ರೆ ದುಡ್ಡು ನೇರವಾಗಿ ಸಂಸ್ಥೆಗೇ ಹೋಗತ್ತೆ. ಆದ್ರೆ 40% ಕಟ್ಟೋರಿಗೆ ಬರಬೇಕಾದ ಪಾಲು ತಾನಾಗೇ ಬರಲ್ಲ, ಕೇಳಿ ತಗೋಬೇಕು, ಇದು ಮಾತ್ರ ಸರಿ ಅನ್ಸಲ್ಲ.

ಈ ದುಡ್ಡು ಏನು ಮಾಡತ್ತೆ ಅಂತ ನೋಡ್ಬೇಕು ಅಂದ್ರೆ ಸಸೆಕ್ಸಿನ ಗ್ಲೈಂಡ್‌ಬೋರ್ನ್ ಒಪೆರಾ ಹೌಸಿಗೆ ಹೋಗಿ. ಬೇಸಿಗೆ ಉತ್ಸವಕ್ಕೆ ಸರ್ಕಾರದ ಸಹಾಯಧನ ಇಲ್ಲ, 1994ರಲ್ಲಿ ಕಟ್ಟಿದ 1,200 ಸೀಟಿನ ಥಿಯೇಟರ್ ಬಹುಪಾಲು ಖಾಸಗಿ ದೇಣಿಗೆಲೇ ಎದ್ದಿದ್ದು, 2012ರಲ್ಲಿ ಗಾಳಿಯಂತ್ರನೂ ಹಾಕಿ ಸ್ವಂತ ಕರೆಂಟ್ ಮಾಡ್ಕೋತಿದಾರೆ. ಲಂಡನ್ನಿನ ರಾಯಲ್ ಒಪೆರಾ ಹೌಸ್ ಕೂಡ 2018ರಲ್ಲಿ ಮುಗಿಸಿದ ಸುಮಾರು 50 ಮಿಲಿಯನ್ ಪೌಂಡಿನ ನವೀಕರಣದ ಕೆಲಸವನ್ನ ದಾನಿಗಳ ದುಡ್ಡಲ್ಲೇ ಮಾಡಿದ್ದು, ಟಿಕೆಟ್ ಇಲ್ದಿರೋರೂ ಹಗಲು ಹೊತ್ತು ಒಳಗೆ ಹೋಗಿ ಕೂರಬಹುದು.

ನನ್ನ ಕೇಳಿದ್ರೆ ಚಾವಣಿ, ಬಾಯ್ಲರ್, ಎಲ್‌ಇಡಿ ಲೈಟಿಗೆ ಅಂತಾನೇ ಕೊಡಿ. ಹಳೇ ಸ್ಟೇಜ್ ಲೈಟು ಕರೆಂಟನ್ನೂ ತಿನ್ನತ್ತೆ, ಥಿಯೇಟರನ್ನೂ ಬಿಸಿ ಮಾಡತ್ತೆ, ಆಮೇಲೆ ಅದನ್ನ ತಂಪು ಮಾಡೋಕೆ ಇನ್ನಷ್ಟು ಕರೆಂಟು. ಇಂಥದ್ದಕ್ಕೆ ಅಂತ ಕೇಳಿ ತಗೊಂಡ ದುಡ್ಡನ್ನ ಕಾನೂನು ಪ್ರಕಾರ ಬೇರೆದಕ್ಕೆ ಬಳಸೋ ಹಾಗಿಲ್ಲ. ಟಿಕೆಟ್ ದರದೊಳಗೇ ಸೇರಿರೋ ಕಟ್ಟಡದ ಶುಲ್ಕ ಮಾತ್ರ ದೇಣಿಗೆ ಅಲ್ಲ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

40% ಕಟ್ತಿದ್ದು ಇಲ್ಲೀವರೆಗೂ ಏನೂ ಕೇಳೇ ಇಲ್ವಾ? 4 ವರ್ಷ ಹಿಂದಿನದರವರೆಗೂ ಕ್ಲೇಮ್ ಮಾಡಬಹುದು, ಟ್ಯಾಕ್ಸ್ ವರ್ಷ ಮುಗಿಯೋದು ಏಪ್ರಿಲ್ 5ಕ್ಕೆ. ಇವತ್ತೇ ಇಮೇಲಲ್ಲಿ ಹಳೇ ರಸೀದಿ ಹುಡುಕಿ, ನಿಮ್ಮ ಹೆಸರಲ್ಲಿ ಇರೋದನ್ನ ಮಾತ್ರ ಎತ್ತಿಟ್ಕೊಳಿ.